ಒಂದೇ ರಕ್ತದ ಚಳಿ

ಮಕ್ಕಳೆಲ್ಲ ಅವಳನ್ನು ಮೀನಕ್ಕ ಎನ್ನುತ್ತಿದ್ದರು. ಮೊದಲು ಹಾಗೆ ಕರೆದವರು ಯಾರೋ ಗೊತ್ತಿಲ್ಲ. ಒಂದು ರಜೆಯ ತರಗತಿ ಮುಗಿಯುವಷ್ಟರಲ್ಲಿ ಆ ಹೆಸರು ಮಕ್ಕಳ ಬಾಯಿಂದ ತಾಯಂದಿರ ಬಾಯಿಗೆ ಹೋಯಿತು, ಅಲ್ಲಿಂದ ಈಜುಕೊಳದ ಟಿಕೆಟ್ ಕಿಟಕಿಗೆ ಹೋಯಿತು, ಕೊನೆಗೆ ಅವಳ ಮನೆಗೂ ಬಂತು. ಗಂಡ ಒಂದು ದಿನ ಬಾಗಿಲಲ್ಲೇ ನಿಂತು, ಏನು ಮೀನಕ್ಕ, ಕಾಫಿ ಆಯ್ತಾ ಎಂದಾಗ ಒಳಗಿನಿಂದ ಅತ್ತೆ ಗದರಿದರು, ಕಟ್ಟಿಕೊಂಡವಳನ್ನು ಯಾರಾದರೂ ಅಕ್ಕ ಅಂತಾರೇನೋ ಎಂದು. ಅಂದಿನಿಂದ ಅವನು ಬಾಲ ಕತ್ತರಿಸಿ ಬರೀ 'ಮೀನು' ಎಂದು ಕರೆಯತೊಡಗಿದ.

ಅವನು ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಜನರನ್ನು ಮೇಲೆ ಹತ್ತಿಸಿ ಕೆಳಗಿಳಿಸುವವನು ವಾಸವಿದ್ದದ್ದು ಮಾತ್ರ ಲಿಫ್ಟೇ ಇಲ್ಲದ ಹಳೆಯ ಕಟ್ಟಡದ ಕೊನೆಯ ಮಹಡಿಯಲ್ಲಿ. ದಿನಾ ಸಂಜೆ ಸಲಕರಣೆಯ ಚೀಲ ಹೊತ್ತು ಮೆಟ್ಟಿಲು ಹತ್ತುವಾಗ ಅವನೇ ಆ ಮಾತನ್ನು ಹೇಳಿಕೊಂಡು ನಗುತ್ತಿದ್ದ. ಅವನ ಅಮ್ಮನಿಗೆ ಕಿವಿ ಸ್ವಲ್ಪ ಮಂದ, ಬಾಯಿ ಚುರುಕು. ಮೂವರೇ ಇದ್ದ ಮನೆ ಅದು. ನಾಲ್ಕನೆಯವರಿಗೆಂದು ಹಾಲ್‌ನ ಪಕ್ಕದಲ್ಲಿ ಒಂದು ಸಣ್ಣ ಕೋಣೆ ಇತ್ತು. ಅಲ್ಲಿ ಸದ್ಯಕ್ಕೆ ಇಸ್ತ್ರಿಯ ಮೇಜು, ಮುರಿದ ಫ್ಯಾನು, ಬಿಚ್ಚದೇ ಉಳಿದ ಒಂದೆರಡು ರಟ್ಟಿನ ಪೆಟ್ಟಿಗೆ ಇದ್ದವು. 'ಸದ್ಯಕ್ಕೆ' ಎಂದು ಹೇಳಿಕೊಂಡೇ ಹತ್ತು ವರ್ಷವಾಗಿತ್ತು.

ಮೀನಕ್ಕನ ಕೆಲಸ ಈಜುಕೊಳದ ಆಳವಿಲ್ಲದ ತುದಿಯಲ್ಲಿ. ತೀರಾ ಸಣ್ಣ ಮಕ್ಕಳು ಅವಳ ಪಾಲು. ಮೊದಲ ದಿನ ಬಂದ ಮಗು ನೀರನ್ನು ನೋಡಿದ ಕೂಡಲೇ ಅಮ್ಮನ ಕಾಲಿಗೆ ಅಂಟಿಕೊಳ್ಳುತ್ತದೆ. ಅವಳು ಎಳೆಯುತ್ತಿರಲಿಲ್ಲ, ಪುಸಲಾಯಿಸುತ್ತಲೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು, ನೀರಿಗೆ ಒಂದು ಗುಟ್ಟು ಹೇಳಬೇಕಿತ್ತು, ನೀನೇ ಹೇಳ್ತೀಯಾ ನಾನು ಹೇಳಲಾ ಎಂದು ಕೇಳುತ್ತಿದ್ದಳು. ಮಗು ಬಾಯಿಯನ್ನು ನೀರಿಗೆ ತಾಗಿಸಿ ಏನೋ ಗುಳುಗುಳು ಎನ್ನುತ್ತಿತ್ತು. ಗುಳ್ಳೆ ಎದ್ದವೆಂದರೆ ಅರ್ಧ ಕೆಲಸ ಆದಂತೆ. ಆಮೇಲೆ ಅವಳ ಕೊರಳಿಗೆ ಎರಡೂ ಕೈ ಸುತ್ತಿಕೊಂಡು, ಉಸಿರು ಬಿಗಿಹಿಡಿದು, ಮೊದಲ ಸಲ ನೀರಿಗೆ ಇಳಿಯುತ್ತಿತ್ತು. ಆ ಹೊತ್ತಿನಲ್ಲಿ ಮಗುವಿನ ಎದೆ ಹೊಡೆದುಕೊಳ್ಳುವುದು ಅವಳ ಎದೆಗೇ ಕೇಳುತ್ತಿತ್ತು.

ತರಗತಿ ಮುಗಿದ ಮೇಲೆ ತಾಯಂದಿರು ಟವೆಲ್ ಬಿಡಿಸಿಕೊಂಡು ದಂಡೆಯಲ್ಲಿ ಕಾಯುತ್ತಿದ್ದರು. ಅವಳು ಒಂದೊಂದೇ ಮಗುವನ್ನು ಎತ್ತಿ ಕೊಡುತ್ತಿದ್ದಳು. ಅವರು ಸುತ್ತಿ, ತಲೆ ಉಜ್ಜಿ, ಬೈದು, ಮುದ್ದಿಸಿ ಕರೆದುಕೊಂಡು ಹೋಗುತ್ತಿದ್ದರು. ಕೊಳ ಖಾಲಿಯಾಗುತ್ತಿತ್ತು. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ನಿಂತಾಗಲೂ ಅವಳ ಕೈಗಳು ಎತ್ತಿಕೊಂಡ ಭಂಗಿಯಲ್ಲೇ ಸ್ವಲ್ಪ ಬಾಗಿರುತ್ತಿದ್ದವು. ಹಾಗೆ ಬಾಗಿದ ಕೈಗಳನ್ನು ಕನ್ನಡಿಯಲ್ಲಿ ಕಂಡಾಗಲೆಲ್ಲ ಅವಳು ಅವಸರವಾಗಿ ಕೂದಲು ಒರೆಸಿಕೊಳ್ಳುತ್ತಿದ್ದಳು.

ಅವರಿಬ್ಬರೂ ಡಾಕ್ಟರರ ಬಳಿ ಹೋಗದೆ ಕೂತವರಲ್ಲ. ಹೋದಲ್ಲೆಲ್ಲ ಪರೀಕ್ಷೆ ಮಾಡಿದರು. ಅವನದು ಸರಿ ಇದೆ ಎಂದರು, ಅವಳದೂ ಸರಿ ಇದೆ ಎಂದರು. ಕೊಳವೆ ಸರಿ, ಗರ್ಭಕೋಶ ಸರಿ, ತಿಂಗಳ ಲೆಕ್ಕ ಸರಿ. ಎಲ್ಲ ಸರಿ ಇದ್ದ ಮೇಲೆ ಬರಬೇಕಾದದ್ದು ಮಾತ್ರ ಬರಲಿಲ್ಲ. ಕೊನೆಗೆ ಒಬ್ಬ ಡಾಕ್ಟರು ಕನ್ನಡಕ ತೆಗೆದಿಟ್ಟು, ಇದಕ್ಕೆ ನಾವು ಕಾರಣ ಗೊತ್ತಾಗದ ಬಂಜೆತನ ಅಂತೀವಿ ಎಂದರು. ಹೊರಗೆ ಬಂದ ಮೀನಕ್ಕ ಆಸ್ಪತ್ರೆಯ ಗೋಡೆಗೆ ಒರಗಿ ನಿಂತುಬಿಟ್ಟಳು. ಎಲ್ಲೋ ಒಂದು ಕಡೆ ಕೆಟ್ಟಿದೆ ಎಂದಿದ್ದರೆ ಅದರ ಮೇಲಾದರೂ ಸಿಟ್ಟು ಮಾಡಿಕೊಳ್ಳಬಹುದಿತ್ತು. ಏನೂ ಕೆಟ್ಟಿಲ್ಲದ ಮೈಯ ಮೇಲೆ ಹೇಗೆ ಸಿಟ್ಟು ಮಾಡುವುದು? ಗಂಡ ಅವಳ ಕೈ ಹಿಡಿದುಕೊಂಡು ಪಕ್ಕದಲ್ಲಿ ನಿಂತ.

ಅದಾದ ಮೇಲೆ ಅವರು ಆ ಮಾತು ಎತ್ತುವುದನ್ನು ನಿಲ್ಲಿಸಿದರು. ಆದರೆ ಆಸೆ ಎನ್ನುವುದು ಮಾತು ನಿಂತರೆ ನಿಲ್ಲುವಂಥದ್ದಲ್ಲ. ಪ್ರತಿ ತಿಂಗಳೂ ಮುಟ್ಟು ಒಂದೆರಡು ದಿನ ತಡವಾದರೆ ಸಾಕು, ಅವಳು ಮೆಟ್ಟಿಲನ್ನು ಸ್ವಲ್ಪ ನಿಧಾನವಾಗಿ ಹತ್ತುತ್ತಿದ್ದಳು. ಅದನ್ನು ಅವನು ಗಮನಿಸುತ್ತಿದ್ದ, ಗಮನಿಸಿಲ್ಲ ಎಂಬಂತೆ ಇರುತ್ತಿದ್ದ. ಆಮೇಲೆ ಒಂದು ಬೆಳಗ್ಗೆ ಅವಳು ದಡದಡನೆ ಮೆಟ್ಟಿಲು ಇಳಿದು ಹೋಗುತ್ತಿದ್ದಳು. ಅವನಿಗೆ ಅದೂ ಅರ್ಥವಾಗುತ್ತಿತ್ತು.

ಚಳಿ ಯಾವಾಗ ಶುರುವಾಯಿತು ಎಂದು ಅವಳಿಗೇ ಸರಿಯಾಗಿ ನೆನಪಿಲ್ಲ. ಕೊಳದ ನೀರು ತಣ್ಣಗಾಗಿದೆ ಎಂದು ಮ್ಯಾನೇಜರ್ ಹತ್ತಿರ ಜಗಳಕ್ಕೆ ಹೋದಳು. ಅವರು ಥರ್ಮಾಮೀಟರ್ ಅದ್ದಿ ತೋರಿಸಿದರು. ನೀರು ಎಂದಿನಷ್ಟೇ ಬೆಚ್ಚಗಿತ್ತು. ಮನೆಗೆ ಬಂದು ಎರಡು ಸ್ವೆಟರ್ ಹಾಕಿಕೊಂಡು ಕೂತರೂ ಬೆರಳು ಮರಗಟ್ಟುತ್ತಿದ್ದವು. ಕೂದಲು ಉದುರಿ ಬಚ್ಚಲ ಜಾಲರಿಗೆ ಸುತ್ತಿಕೊಳ್ಳುತ್ತಿತ್ತು. ಕ್ಲೋರಿನ್ ಎಂದುಕೊಂಡಳು. ಸಂಜೆಯಾದರೆ ಕಣ್ಣೆವೆ ಸೀಸದಂತೆ ಭಾರ. ವಯಸ್ಸು ಎಂದುಕೊಂಡಳು. ದನಿ ಒರಟಾಯಿತು. ಮಕ್ಕಳ ಮೇಲೆ ಕೂಗಿ ಕೂಗಿ ಎಂದುಕೊಂಡಳು. ಒಂದೊಂದಕ್ಕೂ ಒಂದೊಂದು ನೆಪ ಸಿಕ್ಕಿದ್ದರಿಂದ ಎಲ್ಲವನ್ನೂ ಒಟ್ಟಿಗೆ ನೋಡುವ ಯೋಚನೆ ಅವಳಿಗೆ ಬರಲಿಲ್ಲ.

ಅದನ್ನು ಕಂಡುಹಿಡಿದದ್ದು ಹೊಸದಾಗಿ ಸೇರಿದ್ದ, ಮುಂದಿನ ಹಲ್ಲು ಬಿದ್ದ ಒಂದು ಪುಟ್ಟ ಹುಡುಗಿ. ನೀರಿಗಿಳಿದ ಗಾಬರಿಯಲ್ಲಿ ಮೀನಕ್ಕನ ಕೊರಳು ತಬ್ಬಿದವಳು ಗಾಬರಿಯನ್ನೇ ಮರೆತು ಬೆರಳಿನಿಂದ ಅವಳ ಗಂಟಲನ್ನು ಒತ್ತಿ ನೋಡಿದಳು.

"ಮೀನಕ್ಕ, ನೀವು ಏನೋ ನುಂಗಿಬಿಟ್ಟಿದ್ದೀರಾ. ಇಲ್ಲೇ ಸಿಕ್ಕಿಕೊಂಡಿದೆ."

ದಂಡೆಯಲ್ಲಿದ್ದ ತಾಯಿ ಮಗಳನ್ನು ಗದರಿದಳು. ಮೀನಕ್ಕ ನಕ್ಕಳು. ಆದರೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ಗದ್ದ ಎತ್ತಿ ಎಂಜಲು ನುಂಗಿದಾಗ, ಕತ್ತಿನ ಬುಡದಲ್ಲಿ ಏನೋ ಮೇಲೆ ಹೋಗಿ ಕೆಳಗಿಳಿದದ್ದು ಕಂಡಿತು. ಮುಟ್ಟಿದರೆ ನೋವಿಲ್ಲ. ಇಷ್ಟು ದಿನ ಅದು ಅಲ್ಲೇ ಇತ್ತು, ಅವಳಿಗೇ ಗೊತ್ತಿಲ್ಲದಂತೆ.

ಗಂಡ ಮರುದಿನವೇ ರಜೆ ಹಾಕಿ ಗ್ರಂಥಿ ರೋಗಗಳ ಡಾಕ್ಟರ ಬಳಿ ಕರೆದುಕೊಂಡು ಹೋದ. ಅವರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ, ಕೇಳುವುದು ಜಾಸ್ತಿ. ಹಿಂದೆ ನಿಂತು ಎರಡೂ ಕೈಬೆರಳುಗಳಿಂದ ಗಂಟಲನ್ನು ಸವರಿ ನೋಡಿದರು. ಹಳೆಯ ವರದಿಗಳನ್ನೆಲ್ಲ ತಿರುವಿದರು. ಥೈರಾಯ್ಡ್ ಪರೀಕ್ಷೆ ಹಿಂದೆಯೂ ಒಮ್ಮೆ ಆಗಿತ್ತು, ಮಿತಿಯ ಅಂಚಿನಲ್ಲಿತ್ತು, ಮಿತಿಯೊಳಗೇ ಇದೆಯಲ್ಲ ಎಂದು ಬಿಟ್ಟಿದ್ದರು. ಈಗ ಅದರ ಜೊತೆಗೆ ಆಂಟಿಬಾಡಿ ಪರೀಕ್ಷೆಯನ್ನೂ ಮಾಡಿಸಿದರು. ಅದನ್ನು ಮುಂಚೆ ಯಾರೂ ಮಾಡಿಸಿರಲಿಲ್ಲ.

ವರದಿ ಬಂದ ದಿನ ಡಾಕ್ಟರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ಹೊರಗಿನ ಸೋಂಕು ಬಂದ್ರೆ ಹೊಡೆದಾಡೋಕೆ ನಮ್ಮ ರಕ್ತದಲ್ಲಿ ಒಂದು ವ್ಯವಸ್ಥೆ ಇರುತ್ತೆ. ನಿಮ್ಮಲ್ಲಿ ಅದು ನಿಮ್ಮ ಥೈರಾಯ್ಡ್ ಗ್ರಂಥೀನೇ ಹೊರಗಿನದು ಅಂದ್ಕೊಂಡಿದೆ. ತುಂಬಾ ವರ್ಷದಿಂದ ಸ್ವಲ್ಪಸ್ವಲ್ಪವಾಗಿ ಅದನ್ನ ತಿಂತಾ ಇದೆ."

ಚಳಿ, ಕೂದಲು, ದನಿ, ಸುಸ್ತು ಎಲ್ಲ ಒಂದೇ ಬೇರಿನಿಂದ ಬಂದದ್ದು ಎಂದು ವಿವರಿಸಿದರು. ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಣ್ಣ ಮಾತ್ರೆ, ಬಹುಶಃ ಜೀವನಪೂರ್ತಿ. ಮೀನಕ್ಕ ಕೇಳುತ್ತಿದ್ದಳು, ಆದರೆ ಅವಳ ನಾಲಿಗೆಯ ತುದಿಯಲ್ಲಿ ಬೇರೆಯದೇ ಪ್ರಶ್ನೆ ಇತ್ತು. ಗಂಡನೇ ಅದನ್ನು ಕೇಳಿದ. ಮಗು ಆಗದೇ ಇರೋದಕ್ಕೂ ಇದಕ್ಕೂ ಸಂಬಂಧ ಇದೆಯಾ ಮೇಡಂ ಎಂದ.

ಕಾರಣ ಸಿಗದೆ ಮಕ್ಕಳಾಗದವರ ರಕ್ತದಲ್ಲಿ ಈ ಆಂಟಿಬಾಡಿ ಉಳಿದವರಿಗಿಂತ ಹೆಚ್ಚಾಗಿ ಕಾಣುತ್ತದೆ, ಬಸುರು ನಿಂತರೂ ಇಳಿದುಹೋಗುವ ಭಯ ಸ್ವಲ್ಪ ಜಾಸ್ತಿ, ಆದರೆ ಅದು ಹೇಗೆ ತಡೆಯುತ್ತದೆ, ಅದೇ ತಡೆಯುತ್ತದೆಯೋ ಅದರ ಜೊತೆಗಿರುವ ಇನ್ನೇನಾದರೂ ತಡೆಯುತ್ತದೆಯೋ ಎನ್ನುವುದು ಇನ್ನೂ ಪೂರ್ತಿ ಗೊತ್ತಾಗಿಲ್ಲ ಎಂದರು ಡಾಕ್ಟರು. "ಮಾತ್ರೆಯಿಂದ ನಿಮ್ಮ ಆರೋಗ್ಯ ಖಂಡಿತ ಸುಧಾರಿಸುತ್ತೆ. ಮಗು ಆಗುತ್ತೆ ಅಂತ ನಾನು ಮಾತು ಕೊಡಲ್ಲ. ಆಗಲ್ಲ ಅಂತಲೂ ಹೇಳಲ್ಲ. ಇದೇ ಕಾರಣ ಇರಬಹುದು."

ಹತ್ತು ವರ್ಷದಲ್ಲಿ ಯಾರೂ ಅವಳಿಗೆ ಅಷ್ಟನ್ನೂ ಹೇಳಿರಲಿಲ್ಲ. 'ಇರಬಹುದು' ಎಂಬ ಒಂದು ಮಾತಿಗೆ ಅವಳ ಕಣ್ಣು ತುಂಬಿತು. ಡಾಕ್ಟರು ಮೇಜಿನ ಮೇಲಿದ್ದ ಕಾಗದದ ಕರವಸ್ತ್ರದ ಡಬ್ಬಿಯನ್ನು ಅವಳತ್ತ ಸರಿಸಿ, ಮನೆಯಲ್ಲಿ ಬೇರೆ ಯಾರಿಗಾದರೂ ಈ ತೊಂದರೆ ಇದೆಯೇ, ಇದು ರಕ್ತಸಂಬಂಧದಲ್ಲಿ ಹರಿದು ಬರುವುದುಂಟು ಎಂದು ಕೇಳಿದರು. ಇಲ್ಲ ಎಂದು ಹೇಳಲು ಬಾಯಿ ತೆರೆದ ಮೀನಕ್ಕ ಅರ್ಧಕ್ಕೇ ನಿಂತಳು. ಅವಳಿಗೆ ಚಿಕ್ಕಮ್ಮ ನೆನಪಾಗಿದ್ದಳು.

ಮನೆಗೆ ಬಂದು ಗಂಡ ಅಮ್ಮನಿಗೆ ವಿಷಯ ತಿಳಿಸಿದ. ಥೈರಾಯ್ಡ್ ಅಂತೆ ಅಮ್ಮ ಎಂದ.

"ಟೈರಾ? ಗಾಡಿ ಯಾವಾಗ ತಗೊಂಡ್ರೋ ನೀವು?"

ನಕ್ಕು ನಕ್ಕು ಮೀನಕ್ಕನ ಹೊಟ್ಟೆ ಹಿಡಿದುಕೊಂಡಿತು. ಅಳು ಬರಬೇಕಾದ ಕಡೆ ನಗು ಬಂದದ್ದೇ ಒಂದು ಪುಣ್ಯ. ಗಂಡ ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಬಿಡಿಸಿ ಹೇಳಿದ. ಅತ್ತೆ ಎದ್ದು ಹೋಗಿ ತಮ್ಮ ಹೊದಿಕೆಯನ್ನು ತಂದು ಸೊಸೆಯ ಕಾಲಿನ ಮೇಲೆ ಹೊದಿಸಿದರು. ಅವಳಿಗೆ ಚಳಿ ಎಂದಾಗಲೆಲ್ಲ, ನೀರಲ್ಲಿ ಬಿದ್ದಿರುವವಳಿಗೆ ಇನ್ನೇನಾಗುತ್ತೆ ಎಂದು ಗೇಲಿ ಮಾಡಿದವರು ಅವರೇ.

ಚಿಕ್ಕಮ್ಮ ಅವಳ ತಾಯಿಯ ತಂಗಿ. ಹರೆಯದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಊರೂರಿನ ಕರೆಗಳನ್ನು ಜೋಡಿಸುವಾಗ ಅವಳ ದನಿ ಕೇಳಲೆಂದೇ ಜನ ಫೋನು ಮಾಡುತ್ತಿದ್ದರಂತೆ. ಮದುವೆಯಾದ ಕೆಲವು ವರ್ಷಕ್ಕೆ ಆ ದನಿ ಒಡೆಯಿತು. ಹೆಡ್‌ಫೋನ್ ತೆಗೆಸಿ ಹಿಂದಿನ ಕೋಣೆಯಲ್ಲಿ ಬಿಲ್ಲು ಬೇರ್ಪಡಿಸುವ ಕೆಲಸಕ್ಕೆ ಹಾಕಿದರು. ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚುತ್ತಿರಲಿಲ್ಲ, ಕತ್ತಿಗೆ ಸುತ್ತಿದ ಸ್ಕಾರ್ಫ್ ತೆಗೆಯುತ್ತಿರಲಿಲ್ಲ. ಮಾತು ನಿಧಾನ, ನಡಿಗೆ ನಿಧಾನ. ಮಕ್ಕಳಾಗಲಿಲ್ಲ. ಗಂಡನ ಮನೆಯವರು ಅವಳಿಗೆ ಮಂಜುಗಡ್ಡೆ ಎಂದು ಹೆಸರಿಟ್ಟರು. ಕೈ ತಣ್ಣಗಿದ್ದದ್ದಕ್ಕೆ ಇಟ್ಟ ಹೆಸರು ಮೆಲ್ಲಗೆ ಬೇರೆ ಅರ್ಥಕ್ಕೆ ತಿರುಗಿತು. ಗಂಡನ ಮೇಲೆ ಪ್ರೀತಿ ಇಲ್ಲದ ಹೆಂಗಸು, ಅದಕ್ಕೇ ಮಡಿಲು ತುಂಬಿಲ್ಲ ಎಂದರು. ಕೊನೆಗೆ ಗಂಡ ಅವಳನ್ನು ಬಿಟ್ಟ, ಬೇರೆ ಮದುವೆಯಾದ. ಮೀನಕ್ಕನ ತವರಿನಲ್ಲೂ ಮಕ್ಕಳು ಮರೆಯಲ್ಲಿ ಮಂಜುಗಡ್ಡೆ ಚಿಕ್ಕಮ್ಮ ಎಂದೇ ಆಡಿಕೊಳ್ಳುತ್ತಿದ್ದರು. ಮೀನಕ್ಕನೂ ಅಂದವಳೇ.

ಆ ಭಾನುವಾರ ಅವಳು ಚಿಕ್ಕಮ್ಮನ ಮನೆಗೆ ಹೋದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗಿನಿಂದ ರಬ್ಬರ್ ಅಂಟಿನ ವಾಸನೆ, ಕಿಟಕಿಯಲ್ಲಿ ಜಾಗ ಸಾಲದೆ ಒಂದರ ಮೇಲೊಂದು ಬಾಗಿದ ಗಿಡದ ಕುಂಡಗಳು. ಚಿಕ್ಕಮ್ಮ ಬಾಗಿಲು ತೆರೆದಾಗ ಮೀನಕ್ಕ ಮೊದಲ ಬಾರಿಗೆ ಅವಳನ್ನು ನೆಟ್ಟ ಕಣ್ಣಿನಿಂದ ನೋಡಿದಳು. ಕಣ್ಣ ಕೆಳಗೆ ಊತ, ತುದಿಯಲ್ಲಿ ಮಾಸಿಹೋದ ಹುಬ್ಬು, ಒಣಗಿದ ಕೈ. ತನ್ನದೇ ಮುಖವನ್ನು ಇನ್ನೂ ಹಲವು ವರ್ಷ ಮುಂದಕ್ಕೆ ತಳ್ಳಿ ನೋಡಿದ ಹಾಗಿತ್ತು.

ಎಲ್ಲ ಹೇಳಿದಳು. ಗಂಟಲು ತೋರಿಸಿದಳು. ಚಿಕ್ಕಮ್ಮ ಸ್ಕಾರ್ಫಿನ ಗಂಟು ಬಿಚ್ಚಿದಳು. ಅಷ್ಟು ವರ್ಷದಲ್ಲಿ ಯಾರೂ ಕಾಣದ ಆ ಕತ್ತಿನಲ್ಲಿ, ಮೀನಕ್ಕನದಕ್ಕಿಂತ ದೊಡ್ಡದಾದ ಒಂದು ಊತವಿತ್ತು. ಇದನ್ನು ಯಾರಿಗೂ ಯಾಕೆ ತೋರಿಸಲಿಲ್ಲ ಎಂದು ಕೇಳಿದಳು ಮೀನಕ್ಕ. ಒಂದು ಕೊರತೆ ಸಾಲದು ಅಂತ ಇದನ್ನೂ ಯಾಕೆ ಮೆರೆಸಬೇಕು ಅನ್ನಿಸ್ತು ಕಣೇ ಎಂದಳು ಚಿಕ್ಕಮ್ಮ.

ಅವಳನ್ನು ಅದೇ ಡಾಕ್ಟರ ಬಳಿ ಕರೆದುಕೊಂಡು ಹೋಗಲು ಎರಡು ವಾರ ಗೋಗರೆಯಬೇಕಾಯಿತು. ರಕ್ತ ತೆಗೆದರು, ವರದಿ ಬಂತು. ಆಂಟಿಬಾಡಿ ಅಳತೆ ಮೀರಿತ್ತು, ಗ್ರಂಥಿ ಹೆಚ್ಚುಕಡಿಮೆ ಕೆಲಸ ಬಿಟ್ಟಿತ್ತು. ಇಷ್ಟು ವರ್ಷ ಹೇಗೆ ಓಡಾಡಿಕೊಂಡಿದ್ರಿ ಎಂದು ಡಾಕ್ಟರೇ ಕೇಳಿದರು. ಚಿಕ್ಕಮ್ಮ ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ತನ್ನ ಪ್ರಶ್ನೆ ಕೇಳಿದಳು.

"ಹಾಗಾದ್ರೆ ನಂಗೆ ಮಕ್ಕಳಾಗದೇ ಇದ್ದಿದ್ದು ಇದರಿಂದಾನಾ?"

ಆ ವಯಸ್ಸಿನಲ್ಲಿ ಏನಿತ್ತು ಏನಿರಲಿಲ್ಲ ಎಂದು ಈಗ ಹೇಳುವುದು ಕಷ್ಟ ಎಂದರು ಡಾಕ್ಟರು. ಆಗಿನ ರಕ್ತ ಯಾರ ಬಳಿಯೂ ಇಲ್ಲವಲ್ಲ. ಆದರೆ ಚಿಕ್ಕಮ್ಮ ರೆಪ್ಪೆ ಅಲುಗಿಸದೆ ಕಾಯುತ್ತಿದ್ದಳು.

"ಇರಬಹುದು ಅಮ್ಮ," ಎಂದರು ಅವರು.

ಮೀನಕ್ಕನಿಗೆ ಚಿಕ್ಕಮ್ಮ ಅಳುತ್ತಾಳೇನೋ ಅನ್ನಿಸಿತ್ತು. ಅವಳು ಅಳಲಿಲ್ಲ. ಸ್ಕಾರ್ಫನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು, ಬರಿಗೊರಳಿನಲ್ಲಿ ಹೊರಗೆ ಬಂದಳು. ಆಸ್ಪತ್ರೆಯ ಗೇಟಿನ ಹತ್ತಿರ ಬಂದಾಗ, ಅವತ್ತೇ ಯಾರಾದ್ರೂ ಇಷ್ಟು ಹೇಳಿದ್ರೆ ಸಾಕಾಗಿತ್ತಲ್ವಾ, ಮಗು ಆಗದೇ ಇದ್ರೂ ಸಾಕಾಗಿತ್ತು ಎಂದಳು, ಯಾರಿಗೆ ಎಂದಿಲ್ಲದೆ.

ಮಾತ್ರೆ ಮೀನಕ್ಕನಿಗೆ ನಿಧಾನವಾಗಿ ಹಿಡಿಯಿತು. ಒಂದು ದಿನ ಕೊಳಕ್ಕೆ ಇಳಿದಾಗ ನೀರು ಬೆಚ್ಚಗಿದೆ ಅನ್ನಿಸಿತು. ದನಿ ತಿರುಗಿ ಬಂತು. ಸಂಜೆ ಗಂಡನ ಜೊತೆ ಸುಮ್ಮನೆ ಬೀದಿ ಸುತ್ತಿ ಬರುವಷ್ಟು ಶಕ್ತಿ ಉಳಿಯತೊಡಗಿತು. ಮರುವರ್ಷ, ಯಾರೂ ಎದುರುನೋಡದಿದ್ದಾಗ, ಮುಟ್ಟು ನಿಂತಿತು. ಪರೀಕ್ಷೆಯ ಪಟ್ಟಿಯಲ್ಲಿ ಎರಡನೇ ಗೆರೆ ಮೂಡಿದ್ದನ್ನು ಅವಳು ಗಂಡನಿಗೆ ತೋರಿಸಿದಾಗ ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಹಾಲ್‌ಗೆ ತಂದು ನೋಡಿದ, ಅಡುಗೆಮನೆಯ ದೀಪಕ್ಕೆ ಹಿಡಿದು ನೋಡಿದ. ಆಮೇಲೆ ಸಣ್ಣ ಕೋಣೆಗೆ ಹೋಗಿ ಇಸ್ತ್ರಿಯ ಮೇಜನ್ನು ಹೊರಗೆ ಎಳೆಯತೊಡಗಿದ. ಈಗಲೇ ಬೇಡ ಎಂದು ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು. ಮೇಜು ಬಾಗಿಲಲ್ಲಿ ಅಡ್ಡವಾಗಿ ಹಾಗೇ ನಿಂತಿತು. ಮೂವರೂ ಅದನ್ನು ಬಳಸಿಕೊಂಡು ಓಡಾಡಿದರು. ಯಾರೂ ಅದನ್ನು ತಿರುಗಿ ಒಳಗೆ ತಳ್ಳಲಿಲ್ಲ.

ಆ ದಿನಗಳಲ್ಲಿ ಮೀನಕ್ಕ ಯಾವುದನ್ನೂ ಬಾಯಿಬಿಟ್ಟು ಆಡಲಿಲ್ಲ. ಗಂಡು ಹೆಣ್ಣು ಎನ್ನಲಿಲ್ಲ, ಹೆಸರು ಎನ್ನಲಿಲ್ಲ. ಆಡಿದರೆ ಬೆದರಿ ಹಾರಿಹೋಗುತ್ತದೆ ಎಂಬಂತೆ ಉಸಿರನ್ನೂ ಜೋಪಾನ ಮಾಡಿದಳು. ಮಕ್ಕಳನ್ನು ಎತ್ತುವುದು ಬೇಡವೆಂದು ಮ್ಯಾನೇಜರ್ ಅವಳನ್ನು ದಂಡೆಯ ಮೇಲೆ ಕುರ್ಚಿ ಹಾಕಿ ಕೂರಿಸಿದರು. ಒಳಗೊಳಗೆ ಮಾತ್ರ ಅವಳು ಒಂದು ಮುಖವನ್ನು ಕೂಡಿಸುತ್ತಿದ್ದಳು. ದಿನಕ್ಕೊಂದು ಗೆರೆ ಸೇರಿಸಿ.

ಮೂರನೇ ತಿಂಗಳಲ್ಲಿ, ಒಂದು ಮಧ್ಯಾಹ್ನ, ಅದು ಇಳಿದುಹೋಯಿತು. ಆಸ್ಪತ್ರೆಯಿಂದ ವಾಪಸು ಬಂದಾಗ ಇಸ್ತ್ರಿಯ ಮೇಜು ಒಳಗೆ ಹೋಗಿತ್ತು. ಅತ್ತೆ ಒಬ್ಬರೇ ಅದನ್ನು ಎಳೆದು ಹಾಕಿದ್ದರು. ಅವರ ಸೊಂಟ ಒಂದು ವಾರ ಹಿಡಿದುಕೊಂಡಿತ್ತು.

ಡಾಕ್ಟರು ಅವಳ ಕೈ ಹಿಡಿದು, ನೀವು ಮಾಡಿದ್ದರಿಂದ ಆದದ್ದಲ್ಲ, ಮಾಡದೇ ಇದ್ದದ್ದರಿಂದಲೂ ಅಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಗಂಡ ಕೆಲಸ ಮುಗಿದ ಕೂಡಲೇ ಮನೆಗೆ ಓಡಿ ಬರುತ್ತಿದ್ದ. ಬಂದವನಿಗೆ ಏನು ಮಾಡಬೇಕೆಂದು ತಿಳಿಯದೆ, ಸರಿಯಿದ್ದ ನಲ್ಲಿಯನ್ನೇ ಬಿಚ್ಚಿ ಜೋಡಿಸುತ್ತಿದ್ದ. ಚಿಕ್ಕಮ್ಮ ಒಂದು ಚೀಲದಲ್ಲಿ ನಾಲ್ಕು ಬಟ್ಟೆ ತುಂಬಿಕೊಂಡು ಬಂದು, ಆ ಸಣ್ಣ ಕೋಣೆಯಲ್ಲಿ ಇಸ್ತ್ರಿಯ ಮೇಜಿನ ಪಕ್ಕದಲ್ಲಿ ಹಾಸಿಗೆ ಹಾಕಿಕೊಂಡಳು. ಬೆಳಗ್ಗೆ ಇಬ್ಬರ ಮಾತ್ರೆಯನ್ನೂ ಒಂದೇ ತಟ್ಟೆಯಲ್ಲಿಟ್ಟು ನೀರು ತರುತ್ತಿದ್ದಳು. ನುಂಗಿ, ಕಾಫಿಗೆ ಇನ್ನೂ ಹೊತ್ತಿದೆ ಎಂದು ಇಬ್ಬರೂ ಕಿಟಕಿಯ ಬಳಿ ಕೂರುತ್ತಿದ್ದರು. ಕೆಳಗೆ ಶಾಲೆಗೆ ಹೋಗುವ ಮಕ್ಕಳ ಗದ್ದಲ. ಒಂದು ಬೆಳಗ್ಗೆ ಮೀನಕ್ಕ ಅಲ್ಲೇ ಕೂತು ಗಟ್ಟಿಯಾಗಿ ಅತ್ತಳು. ಚಿಕ್ಕಮ್ಮ ತಡೆಯಲಿಲ್ಲ. ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಳು. ಆ ಕೈ ಬೆಚ್ಚಗಿತ್ತು.

ಆಮೇಲೆ ಮತ್ತೆರಡು ವರ್ಷ ಪ್ರಯತ್ನ ನಡೆಯಿತು. ಬಸುರು ಮತ್ತೆ ನಿಲ್ಲಲಿಲ್ಲ. ಇನ್ನು ಸಾಕು ಎಂದು ಮೊದಲು ಹೇಳಿದ್ದು ಅವನು, ಅವಳ ಸಲುವಾಗಿ. ಅವಳು ಒಂದು ರಾತ್ರಿಯ ಮಟ್ಟಿಗೆ ಅವನ ಮೇಲೆ ಮುನಿಸಿಕೊಂಡಳು. ಬೆಳಗಾಗುವಾಗ ಆ ಮಾತು ತನ್ನ ಬಾಯಿಂದ ಬರದಂತೆ ಅವನು ಕಾಪಾಡಿದ್ದಾನೆ ಎಂದು ಅವಳಿಗೆ ಅರ್ಥವಾಯಿತು. ಡಾಕ್ಟರ ಆಸ್ಪತ್ರೆಯಲ್ಲಿ ಇಂಥ ಹೆಂಗಸರ ರಕ್ತವನ್ನು ಕೂಡಿಸಿ ಈ ಆಂಟಿಬಾಡಿಗಳ ಬೆನ್ನುಹತ್ತುವ ಸಂಶೋಧನೆ ಶುರುವಾಗಿತ್ತು. ಕೇಳಿದಾಗ ಚಿಕ್ಕಮ್ಮ, ಮೀನಕ್ಕ ಇಬ್ಬರೂ ತೋಳು ಚಾಚಿ ಕೊಟ್ಟು ಬಂದರು. ಅದರಿಂದ ನಿಮಗೆ ಏನೂ ಲಾಭವಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗೊತ್ತು ಎಂದಳು ಮೀನಕ್ಕ.

ಅವತ್ತು ರಕ್ತ ಕೊಟ್ಟು ಹೊರಗೆ ಬಂದಾಗಲೇ ಚಿಕ್ಕಮ್ಮ ಆ ಮಾತು ತೆಗೆದದ್ದು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಂದು ಚಪ್ಪಲಿ ಅಂಗಡಿ ಇದೆ, ಅಲ್ಲಿಗೆ ನನ್ನ ಜೊತೆ ಬರ್ತೀಯಾ ಎಂದಳು. ಅದು ಚಿಕ್ಕಮ್ಮನನ್ನು ಬಿಟ್ಟ ಗಂಡನ ಅಂಗಡಿ ಎಂದು ಮೀನಕ್ಕನಿಗೆ ಗೊತ್ತಿತ್ತು. ಯಾಕೆ ಎಂದು ಕೇಳಿದಳು.

"ಅವರಿಗೆ ಒಂದು ಮಾತು ಹೇಳಬೇಕು. ನಂಗೆ ಪ್ರೀತಿ ಇತ್ತು, ರೋಗಾನೂ ಇತ್ತು ಅಂತ. ಅಷ್ಟೇ."

ಅಂಗಡಿ ಉದ್ದಕ್ಕೆ, ಕಿರಿದಾಗಿತ್ತು. ಗೋಡೆಯ ತುಂಬ ಚಾವಣಿಯವರೆಗೆ ಪೆಟ್ಟಿಗೆಗಳು, ಹೊಸ ಚರ್ಮದ ವಾಸನೆ. ಗಲ್ಲಾದಲ್ಲಿ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಫೋನಿನಲ್ಲಿ ಯಾರಿಗೋ ಅಳತೆ ಹೇಳುತ್ತಿದ್ದಳು. ಬಂದವರನ್ನು ನೋಡಿ ನಗುತ್ತಾ ಬೆಂಚು ತೋರಿಸಿದಳು. ಹಿಂದಕ್ಕೆ ತಿರುಗಿ, ಅಪ್ಪಾ, ಇವರನ್ನ ಸ್ವಲ್ಪ ನೋಡಿ ಎಂದು ಕೂಗಿದಳು. ಆ 'ಅಪ್ಪಾ' ಕೇಳಿದಾಗ ಚಿಕ್ಕಮ್ಮನ ಬೆರಳುಗಳು ಮೀನಕ್ಕನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದವು.

ಒಳಗಿನಿಂದ ಮುದುಕರೊಬ್ಬರು ಬಂದರು. ದಪ್ಪ ಗಾಜಿನ ಕನ್ನಡಕ, ಬಾಗಿದ ಬೆನ್ನು. ಅಭ್ಯಾಸಬಲದಿಂದ, ಮುಖ ನೋಡುವ ಮುಂಚೆ ಗಿಡ್ಡ ಸ್ಟೂಲಿನ ಮೇಲೆ ಕೂತು ಗಿರಾಕಿಯ ಕಾಲನ್ನು ಕೈಗೆ ತೆಗೆದುಕೊಂಡರು. ಅಳತೆಯ ಹಲಗೆಯ ಮೇಲೆ ಇಡಲು ಹೋದವರು ನಿಂತರು. ಪಾದವನ್ನು ಹಿಡಿದುಕೊಂಡೇ ಇದ್ದರು. ಆಮೇಲೆ ಮೆಲ್ಲಗೆ ತಲೆ ಎತ್ತಿದರು.

ಚಿಕ್ಕಮ್ಮ ಹೇಳಬೇಕೆಂದು ಕಟ್ಟಿಕೊಂಡು ಬಂದದ್ದೆಲ್ಲ ಎಲ್ಲಿ ಹೋಯಿತೋ. "ನಂಗೆ ಥೈರಾಯ್ಡ್ ಕಾಯಿಲೆ ಇತ್ತಂತೆ," ಎಂದಳು. "ಆಗಿನಿಂದಲೇ ಇತ್ತಂತೆ. ಈಗ ಗೊತ್ತಾಯ್ತು. ಅದಕ್ಕೇ ಆ ಚಳಿ. ಮಿಕ್ಕಿದ್ದೂ ಅದಕ್ಕೇ ಇರಬಹುದು ಅಂದ್ರು."

ಗಲ್ಲಾದ ಹೆಂಗಸು ಇನ್ನೂ ಫೋನಿನಲ್ಲಿದ್ದಳು.

"ನಿನಗೆ ಚಳಿ ಆಗೋದು ನಂಗೆ ಗೊತ್ತಿತ್ತು," ಎಂದರು ಅವರು, ಪಾದವನ್ನೇ ನೋಡುತ್ತಾ. "ನೀನು ನಿದ್ದೆ ಹೋದ ಮೇಲೆ ನನ್ನ ಹೊದಿಕೇನೂ ನಿನ್ನ ಮೇಲೆ ಹಾಕ್ತಿದ್ದೆ. ಆದ್ರೆ ಮನೇಲಿ ನಮ್ಮವರು ಮಾತಾಡುವಾಗ ಬಾಯಿ ಬಿಡಲಿಲ್ಲ."

ಹೆಬ್ಬೆರಳಿನಿಂದ ಪಾದದ ಮೇಲ್ಭಾಗವನ್ನು ಒಮ್ಮೆ ಸವರಿ, "ಈಗ ಬೆಚ್ಚಗಿದೆ," ಎಂದರು. ಮಗಳು ಫೋನಿಟ್ಟು ಇತ್ತ ಬಂದಳು. ಮೆತ್ತನೆಯದು ಬೇಕಾ ಅಮ್ಮ, ಈ ವಯಸ್ಸಿಗೆ ಇದು ಚೆನ್ನಾಗಿರುತ್ತೆ ಎಂದು ಒಂದು ಜೊತೆ ತೆಗೆದು ಕೊಟ್ಟಳು. ಮುದುಕರು ತಾವೇ ಅದನ್ನು ಚಿಕ್ಕಮ್ಮನ ಕಾಲಿಗೆ ತೊಡಿಸಿ, ಪಟ್ಟಿ ಬಿಗಿಸಿ, ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಜನ ಇರಲಿಲ್ಲ. ಚಿಕ್ಕಮ್ಮ ಕಿಟಕಿಯ ಪಕ್ಕ ಕೂತಳು. ಬೀದಿಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು.

"ಆ ಹುಡುಗಿ ಮೂಗು ಅವರ ಥರಾನೇ ಇದೆ, ನೋಡಿದೆಯಾ?" ಎಂದಳು ಚಿಕ್ಕಮ್ಮ. "ನಂಗೆ ಹುಟ್ಟಿದ್ರೂ ಅದೇ ಮೂಗು ಬರಲಿ ಅಂತ ಅನ್ಕೊಳ್ತಿದ್ದೆ. ನನ್ನ ಮೂಗು ಬೇಡ, ಸ್ವಲ್ಪ ದಪ್ಪ."

ಮೀನಕ್ಕ ನಕ್ಕಳು. ಕಣ್ಣು ಒರೆಸಿಕೊಂಡಳು. ಬಸ್ಸು ಒಂದು ನಿಲ್ದಾಣದಲ್ಲಿ ನಿಂತು ಹೊರಟಿತು. ಚಿಕ್ಕಮ್ಮ ಕಿಟಕಿಯಿಂದ ಮುಖ ತಿರುಗಿಸಿ, "ನಿಂದು ಹೇಗಿರ್ತಿತ್ತು ಅಂದ್ಕೊಂಡಿದ್ದೆ?" ಎಂದು ಕೇಳಿದಳು.

ಹೇಗಿದ್ದೀಯಾ ಎಂದು ಕೇಳಿದವರಿದ್ದರು, ಮತ್ತೆ ಯಾವಾಗ ಎಂದು ಕೇಳಿದವರಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಗಂಡನಿಗೂ ಕೇಳಲು ಧೈರ್ಯವಾಗಿರಲಿಲ್ಲ.

"ಹೆಣ್ಣು," ಎಂದಳು ಮೀನಕ್ಕ. "ಕಿವಿ ಮಾತ್ರ ಅವರಪ್ಪಂದು. ಅಗಲ, ಮುಂದಕ್ಕೆ ಚಾಚಿಕೊಂಡಿರೋದು. ಈಜುವ ಟೋಪಿ ಒಳಗೆ ಎಷ್ಟು ತುರುಕಿದ್ರೂ ಕೂರಲ್ಲ."

"ಅಯ್ಯೋ ಪಾಪ," ಎಂದಳು ಚಿಕ್ಕಮ್ಮ. "ಕೂದಲು?"

ಮೀನಕ್ಕ ಸೀಟಿನಲ್ಲಿ ಸರಿಯಾಗಿ ಕೂತುಕೊಂಡು ಕೂದಲಿನ ವಿಷಯ ಹೇಳತೊಡಗಿದಳು.